ಮನೆಯ ಪಾಠವೂ ಮನೆಯ ಮರ್ಯಾದೆಯೂ

ಮಳೆ ವಿಪರೀತವಾಗಿ ರಸ್ತೆಗಳು ಜಲಮಯವಾದಾಗ, ಅಥವಾ ಬೇರೆ ಕಾರಣದಿಂದ ಶಾಲೆಗೆ ರಜೆ ಕೊಡಬೇಕಾಗಿ ಬಂದಾಗ, ಈಗ ಪಾಠಗಳು ನಿಲ್ಲುವುದಿಲ್ಲ. ಉಪಾಧ್ಯಾಯಿನಿಯರು ಜಯನಗರದಲ್ಲೋ ಜೆ.ಪಿ. ನಗರದಲ್ಲೋ ತಮ್ಮ ಮನೆಯ ಕಂಪ್ಯೂಟರಿನ ಮುಂದೆ ಕುಳಿತು ಮಾತನಾಡುವರು. ಮಕ್ಕಳು ತಮ್ಮ ತಮ್ಮ ಮನೆಗಳಲ್ಲಿ ಕುಳಿತು ಕೇಳುವರು. ಇದು ಒಳ್ಳೆಯದೇ. ಆದರೆ ಕಳೆದ ಪೋಷಕರ ಸಭೆಯಲ್ಲಿ ಕೆಲವು ಹಿರಿಯರು, ಇಂಥ ಪಾಠಗಳಲ್ಲಿ ಪ್ರತಿಯೊಬ್ಬ ಹುಡುಗಿಯೂ ಕ್ಯಾಮೆರಾ ತೆರೆದಿಟ್ಟು ಮುಖ ತೋರಿಸಲೇಬೇಕೆಂದು ಒತ್ತಾಯಪಡಿಸಿದರು. ಅವರ ಸದುದ್ದೇಶವನ್ನು ನಾವು ಸಂದೇಹಿಸುವುದಿಲ್ಲ. ಆದರೂ ಈ ಅಭಿಪ್ರಾಯವನ್ನು ನಾವು ಒಪ್ಪಲಾರೆವು. ಅದೇಕೆಂಬುದನ್ನು ಈ ಸಂಚಿಕೆಯ ವಾಚಕರ ಮುಂದೆ ಅರಿಕೆಮಾಡಿಕೊಳ್ಳುವೆವು.

ಒಪ್ಪದಿರುವುದಕ್ಕೆ ಮೊದಲನೆಯ ಕಾರಣ ನಮ್ಮದೇ ತಪ್ಪು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ನಾವೇ ಇಂಥದೊಂದು ನಿಯಮವನ್ನು ಮಾಡಿದ್ದೆವು: ಕ್ಯಾಮೆರಾ ಮುಚ್ಚಿದವಳಿಗೆ ಹಾಜರಿ ಇಲ್ಲ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಹನ್ನೊಂದು ದಿನ ಗೈರುಹಾಜರಾದಳೆಂದು ದಾಖಲೆಯಾಯಿತು. ನಿರ್ಬಂಧಗಳು ಸಡಿಲವಾದ ಮೇಲೆ ನಾವು ಬನಶಂಕರಿಯ ಕಡೆ ಇದ್ದ ಅವಳ ಮನೆಗೆ ಹೋದೆವು. ಇದ್ದುದು ಒಂದೇ ಕೋಣೆ. ಒಂದು ಮೂಲೆಯಲ್ಲಿ ತಾಯಿಯ ಹೊಲಿಗೆಯ ಯಂತ್ರ, ಇನ್ನೊಂದು ಕಡೆ ಕಾಯಿಲೆಯಿಂದ ಮಲಗಿದ್ದ ಅಜ್ಜ. ಹುಡುಗಿ ತನ್ನ ಪುಸ್ತಕವನ್ನು ತಂದು ತೋರಿಸಿದಳು. ಹನ್ನೊಂದು ದಿನದ ಪಾಠವೂ ಅದರಲ್ಲಿ ಅಚ್ಚುಕಟ್ಟಾಗಿ ಬರೆದಿತ್ತು. "ನಾನು ಎಲ್ಲವನ್ನೂ ಕೇಳುತ್ತಿದ್ದೆ, ಮಿಸ್. ಎಲ್ಲಿ ಕುಳಿತರೂ ಅಜ್ಜ ಕಾಣುತ್ತಿದ್ದರು, ಅದಕ್ಕೇ ಮುಚ್ಚಿದೆ" ಎಂದಳು. ನಾವು ಹಾಜರಿಯನ್ನು ತಿದ್ದಿದೆವು. ಆದರೆ ಆ ಮಗುವಿನ ಮುಖದಲ್ಲಿದ್ದ ಸಂಕೋಚವನ್ನು ತಿದ್ದುವ ಶಕ್ತಿ ನಮಗಿರಲಿಲ್ಲ. ಶಾಲೆಗೆ ಬರುವಾಗ ಎಲ್ಲ ಹುಡುಗಿಯರಿಗೂ ಒಂದೇ ಸಮವಸ್ತ್ರವನ್ನು ಕೊಟ್ಟು ಬಡವರು ಬಲ್ಲಿದರೆಂಬ ಭೇದವನ್ನು ಮರೆಮಾಡುವ ನಾವು, ಮನೆಯ ಗೋಡೆಯನ್ನೇ ತೆಗೆದು ತೋರಿಸೆಂದು ಕೇಳುವುದು ಯಾವ ನ್ಯಾಯ?

ಎರಡನೆಯ ಕಾರಣ ಲೆಕ್ಕದ್ದು. ಕಂಪ್ಯೂಟರು ಧ್ವನಿಯನ್ನಾಗಲಿ ಚಿತ್ರವನ್ನಾಗಲಿ ಅಂಕಿಗಳಾಗಿ ಮಾರ್ಪಡಿಸಿ, ಸಂಕ್ಷೇಪಿಸಿ, ಸಣ್ಣ ಸಣ್ಣ ಕಟ್ಟುಗಳಾಗಿ ಜಾಲದಲ್ಲಿ ಕಳುಹಿಸುವುದು. ಆ ಕಡೆಯ ಕಂಪ್ಯೂಟರು ಬಂದ ಕಟ್ಟುಗಳನ್ನು ಅರೆಕ್ಷಣ ಕೂಡಿಟ್ಟುಕೊಂಡು, ಕ್ರಮವಾಗಿ ಜೋಡಿಸಿ ನುಡಿಸುವುದು. 2012ರಲ್ಲಿ ಅಂತರಜಾಲದ ಮಾನಕವಾದ ಓಪಸ್ ಎಂಬ ಪದ್ಧತಿಯಲ್ಲಿ ಕ್ಷಣಕ್ಕೆ 32 ಕಿಲೋಬಿಟ್ ಇದ್ದರೆ ಮಾತು ಸ್ಪಷ್ಟವಾಗಿ ಕೇಳುವುದು. ಒಂದು ಗಂಟೆಯ ಪಾಠಕ್ಕೆ ಇದು ಸುಮಾರು 14 ಮೆಗಾಬೈಟ್ ಆಯಿತು. ಚಲಿಸುವ ಚಿತ್ರಕ್ಕಾದರೋ ಕ್ಷಣಕ್ಕೆ ಒಂದು ಮೆಗಾಬಿಟ್ ಎಂದು ಮಿತವಾಗಿ ಹಿಡಿದರೂ ಗಂಟೆಗೆ 450 ಮೆಗಾಬೈಟ್. ಎಂದರೆ ಮೂವತ್ತು ಪಟ್ಟು. ತಂದೆ ಕೆಲಸದಿಂದ ಮರಳಿದ ಮೇಲೆ ಮನೆಗೆಲ್ಲ ಇರುವ ಒಂದೇ ಮೊಬೈಲು ಕೈಗೆ ಸಿಕ್ಕುವ ಹುಡುಗಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಒಂದೇ ಮೊಬೈಲಿರುವ ಮನೆಯಲ್ಲಿ ಅಣ್ಣನ ಪಾಠವೂ ತಂಗಿಯ ಪಾಠವೂ ಒಂದೇ ಗಂಟೆಗೆ ಬಂದರೆ ಅದು ಯಾರ ಕೈಗೆ ಹೋಗುವುದೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಈ ಲೆಕ್ಕದಿಂದ ಇನ್ನೊಂದು ಸಂಗತಿಯೂ ಹೊರಡುವುದು. ನಲವತ್ತು ಮನೆಗಳಿಗೆ ನೇರವಾಗಿ ಧ್ವನಿಯನ್ನು ಕಳುಹಿಸಲು ಉಪಾಧ್ಯಾಯಿನಿಯ ಮನೆಯಿಂದ ಕ್ಷಣಕ್ಕೆ ಸುಮಾರು 1.3 ಮೆಗಾಬಿಟ್ ಹೊರಟರೆ ಸಾಕು. ಸಾಧಾರಣವಾದ ಮನೆಯ ಸಂಪರ್ಕವೂ ಇದನ್ನು ತಾಳುವುದು. ಚಿತ್ರವನ್ನು ಹಾಗೆ ಕಳುಹಿಸಬೇಕಾದರೆ 40 ಮೆಗಾಬಿಟ್ ಬೇಕು. ಆದಕಾರಣವೇ ಚಿತ್ರದ ಪಾಠಗಳು ದೊಡ್ಡ ಕಂಪನಿಗಳ ಯಂತ್ರಾಗಾರಗಳನ್ನು ಹಾದು ಬರಬೇಕಾಗುವುದು. ಧ್ವನಿಯಾದರೆ, ಮನೆಗಳಿಗೆ ಪರಸ್ಪರ ವಿಳಾಸವನ್ನು ತಿಳಿಸುವ ಒಂದು ಮಧ್ಯಸ್ಥ ಯಂತ್ರವಿದ್ದರೆ ಬಹುಮಟ್ಟಿಗೆ ಮನೆಯಿಂದ ಮನೆಗೇ ಹೋಗಬಲ್ಲದು. ಕಂಪ್ಯೂಟರಿನ ಬ್ರೌಸರುಗಳು ಹೀಗೆ ನೇರವಾಗಿ ಮಾತನಾಡುವ ವೆಬ್‌ಆರ್‌ಟಿಸಿ ಎಂಬ ಏರ್ಪಾಡು 2021ರ ಜನವರಿಯಲ್ಲಿ ಅಧಿಕೃತ ಮಾನಕವಾಯಿತು. ಅದಕ್ಕೆ ಬೇರೆ ಶುಲ್ಕವಿಲ್ಲ.

ಮನೆಯಿಂದ ಧ್ವನಿಯನ್ನು ಕಳುಹಿಸುವುದು ನಮ್ಮ ನಾಡಿಗೆ ಹೊಸದೂ ಅಲ್ಲ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಸ್ವಂತ ಮನೆಯಲ್ಲಿಯೇ ಸಣ್ಣದೊಂದು ಬಾನುಲಿ ಕೇಂದ್ರವನ್ನು ಸ್ಥಾಪಿಸಿ ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ದೊರೆಯುವಂತೆ ಮಾಡಿದರು. ಮುಂದೆ ಭಾರತದ ಬಾನುಲಿಗೆಲ್ಲ ಅದೇ ಹೆಸರಾಯಿತು. ಕೋಲಾರ ಜಿಲ್ಲೆಯ ಬೂದಿಕೋಟೆಯ ಗ್ರಾಮಸ್ಥರ ಕಥೆ ಇನ್ನೂ ಉತ್ತೇಜನಕರವಾದುದು. ಜನಸಮುದಾಯಗಳು ಬಾನುಲಿ ನಡೆಸಲು ಕಾಯಿದೆ ಅವಕಾಶ ಕೊಡದಿದ್ದ ಕಾಲದಲ್ಲಿ, ಅವರ 'ನಮ್ಮ ಧ್ವನಿ' ಕೇಂದ್ರವು ಕೇಬಲ್ ತಂತಿಯ ಮೂಲಕ ಮನೆಮನೆಗೆ ಕಾರ್ಯಕ್ರಮಗಳನ್ನು ಮುಟ್ಟಿಸಿತು. ಅದರಲ್ಲಿ ಸ್ವಸಹಾಯ ಸಂಘಗಳ ಹೆಂಗಸರು ಮುಂದೆ ನಿಂತು ದುಡಿದರು. ಅವರು ಯಾರ ಮುಖವನ್ನೂ ತೋರಿಸಬೇಕಾಗಲಿಲ್ಲ. ಆಡುವ ಮಾತು ಊರಿಗೆ ಬೇಕಾದುದಾಗಿತ್ತು, ಊರು ಕೇಳಿತು.

ನಮ್ಮ ವಾದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ರೇಖಾಗಣಿತವನ್ನು ಕಿವಿಯಿಂದ ಕಲಿಯುವುದು ಹೇಗೆಂದು ಕೇಳುವರು. ಅದಕ್ಕೆ ಕಪ್ಪುಹಲಗೆಯ ಸ್ಥಿರಚಿತ್ರವೊಂದನ್ನು ಮೊದಲೇ ಕಳುಹಿಸಿದರೆ ಸಾಕು. ಕಿವಿ ಮಂದವಾಗಿರುವ ಮಗುವಿಗೆ ಉಪಾಧ್ಯಾಯಿನಿಯ ತುಟಿಯೂ ಕೈಯೂ ಕಾಣಲೇಬೇಕು. ಅಂಥವರಿಗೆ ಚಿತ್ರವನ್ನು ಕಳುಹಿಸುವ ಹೊಣೆ ನಮ್ಮದು. ಆದರೆ ಇಲ್ಲಿ ಕಾಣಬೇಕಾದವರು ಉಪಾಧ್ಯಾಯಿನಿ, ಮಗುವಿನ ಮನೆಯಲ್ಲ. ಇನ್ನು, ಹುಡುಗಿ ಕೇಳುತ್ತಿರುವಳೋ ನಿದ್ರಿಸುತ್ತಿರುವಳೋ ತಿಳಿಯುವುದು ಹೇಗೆ ಎಂಬುದು ಹಿರಿಯರ ಮುಖ್ಯ ಪ್ರಶ್ನೆ. ತರಗತಿಯಲ್ಲಿ ಕಣ್ಣೆದುರಿಗೆ ಕುಳಿತಿರುವವಳ ಮನಸ್ಸು ಎಲ್ಲಿರುವುದೆಂದು ನಾವು ತಿಳಿಯುವುದಾದರೂ ಹೇಗೆ? ಹೆಸರು ಹಿಡಿದು ಕರೆದು ಪ್ರಶ್ನೆ ಕೇಳುವುದರಿಂದ. ಆ ಉಪಾಯ ಇಲ್ಲಿಯೂ ನಡೆಯುವುದು. ಉತ್ತರ ಹೇಳುವ ಕಂಠಕ್ಕಿಂತ ಒಳ್ಳೆಯ ಹಾಜರಿ ಯಾವುದಿದೆ?

ಹೀಗಿರುವುದರಿಂದ ಮುಂದಿನ ವರ್ಷಕ್ಕೆ ನಮ್ಮ ಸೂಚನೆಗಳು ಮೂರು. ಮನೆಯ ಪಾಠಗಳು ಧ್ವನಿಯಲ್ಲಿಯೇ ನಡೆಯಲಿ. ಮುಖ ತೋರಿಸುವುದು ಹುಡುಗಿಯ ಇಷ್ಟಕ್ಕೆ ಬಿಟ್ಟುದಾಗಿರಲಿ. ಆ ಗಂಟೆ ಕೇಳಲಾಗದವರಿಗಾಗಿ ಪಾಠದ ಧ್ವನಿಯನ್ನು ಕೂಡಿಟ್ಟು ರಾತ್ರಿ ಕಳುಹಿಸೋಣ. ಮೂರನೆಯದಾಗಿ, ನಮ್ಮ ಹುಡುಗಿಯರು ಬರಿಯ ಕೇಳುಗರಾಗಿ ಉಳಿಯದೆ ಕಳುಹಿಸುವ ವಿದ್ಯೆಯನ್ನೂ ಕಲಿಯಲಿ. ವಾರಕ್ಕೊಂದು ಸಂಜೆ ಅವರೇ ಓದಿ, ಹಾಡಿ, ಅವರೇ ಯಂತ್ರವನ್ನು ನಡೆಸಿ, ಅರ್ಧ ಗಂಟೆಯ ಕಾರ್ಯಕ್ರಮವನ್ನು ತಮ್ಮ ಗೆಳತಿಯರ ಮನೆಗಳಿಗೆ ಮುಟ್ಟಿಸಲಿ. ಹಳೆಯ ವಿದ್ಯಾರ್ಥಿನಿಯರಲ್ಲಿ ಈ ಯಂತ್ರಗಳ ಕೆಲಸವನ್ನೇ ವೃತ್ತಿಯಾಗಿ ಮಾಡುತ್ತಿರುವವರು ಬಹಳ ಮಂದಿ ಇರುವರು. ಅವರು ತಿಂಗಳಿಗೊಂದು ಶನಿವಾರ ಬಂದು ತಮ್ಮ ತಂಗಿಯರಿಗೆ ಕಲಿಸಿಕೊಡಬೇಕೆಂದು ಬೇಡುವೆವು.

ಆ ಹುಡುಗಿ ಈಗ ಶಾಲೆಯನ್ನು ಬಿಟ್ಟು ಹೋಗಿ ಕೆಲವು ವರ್ಷಗಳಾದವು. ಅವಳ ಹಾಜರಿ ಪುಸ್ತಕದಲ್ಲಿ ನಾವು ಕೆಂಪು ಮಸಿಯಿಂದ ತಿದ್ದಿದ ಹನ್ನೊಂದು ಗುರುತುಗಳು ಮಾತ್ರ ಶಾಲೆಯ ಕಪಾಟಿನಲ್ಲಿ ಹಾಗೆಯೇ ಇವೆ. ಇನ್ನೊಬ್ಬಳ ಹೆಸರಿನ ಮುಂದೆ ಅಂಥ ತಿದ್ದುಪಡಿ ಬೇಕಾಗದಿರಲಿ ಎಂಬುದೇ ನಮ್ಮ ಅಪೇಕ್ಷೆ.