ಕೇಳುವ ಬೇರು, ಅಳೆಯುವ ಬೇರು

ಶನಿವಾರ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿ ಹನುಮಪ್ಪನ ಗುಡಿಗೆ ಬರುವವರಲ್ಲಿ ಸುಮ್ಮನೆ ಕೈಮುಗಿದು ಹೋಗುವವರಿರುತ್ತಾರೆ, ಹರಕೆ ಹೊತ್ತವರಿರುತ್ತಾರೆ. ಇನ್ನು ಮೇಲೆ ಕುಡಿಯುವುದಿಲ್ಲ ಎಂದು ದೇವರ ಮುಂದೆ ಆಣೆ ಮಾಡಿ ಊರಿಗೆ ಹೊರಟವನೊಬ್ಬ ಅವರ ನಡುವೆ ಇದ್ದಾನೆ ಎನ್ನೋಣ. ಅವನನ್ನು ಕಂಡ ತತ್ತ್ವಶಾಸ್ತ್ರಜ್ಞ ಕೇಳುತ್ತಾನೆ: ಕುಡಿಯಬೇಕು ಎನ್ನುವವನೂ ಬೇಡ ಎನ್ನುವವನೂ ಒಬ್ಬನೇ ಆಗಿರುವುದು ಹೇಗೆ? ಶರೀರವಿಜ್ಞಾನಿಯ ಪ್ರಶ್ನೆ ಬೇರೆ: ಕುಡಿತ ನಿಂತ ಮೊದಲ ವಾರ ಇವನ ನರಮಂಡಲದಲ್ಲಿ ಏನೇನಾಗುತ್ತದೆ? ಮೂರನೆಯವನು ಲೆಕ್ಕದ ಪುಸ್ತಕ ತೆರೆಯುತ್ತಾನೆ: ಹೀಗೆ ಆಣೆ ಮಾಡಿದ ನೂರು ಮಂದಿಯಲ್ಲಿ ಆರು ತಿಂಗಳ ಮೇಲೆ ಎಷ್ಟು ಮಂದಿ ಮಾತು ಉಳಿಸಿಕೊಂಡಿದ್ದಾರೆ, ಆಣೆ ಮಾಡದೆ ಬಿಡಲು ಹೊರಟ ನೂರು ಮಂದಿಯಲ್ಲಿ ಎಷ್ಟು?

ಈ ಮೂರನೆಯವನೇ ಮನಃಶಾಸ್ತ್ರಜ್ಞ. ಪ್ರಶ್ನೆಯನ್ನು ಮೊದಲನೆಯವನಿಂದ, ಉಪಕರಣವನ್ನು ಎರಡನೆಯವನಿಂದ ಕಡ ತಂದವನು. ಪಠ್ಯಪುಸ್ತಕಗಳು ಮಾತ್ರ ಇವನ ಜನ್ಮದಿನವನ್ನು ಖಚಿತವಾಗಿ ಬರೆದಿಟ್ಟಿವೆ: 1879, ಜರ್ಮನಿಯ ಲೈಪ್‌ಜಿಗ್, ವಿಲ್ಹೆಲ್ಮ್ ವುಂಟ್‌ನ ಪ್ರಯೋಗಾಲಯ. ಆ ದಿನದಿಂದ ತತ್ತ್ವಶಾಸ್ತ್ರದ ಋಣ ಹರಿದು ಮನಃಶಾಸ್ತ್ರ ಸ್ವತಂತ್ರವಾಯಿತು ಎಂಬುದು ವಾಡಿಕೆಯ ಕಥೆ. ಪರೀಕ್ಷೆಗೆ ಬರೆಯಲು ಅನುಕೂಲ. ನಡೆದದ್ದನ್ನು ನೋಡಿದರೆ ಅಷ್ಟು ಸರಳವಲ್ಲ. ಋಣ ಹರಿದಿಲ್ಲ, ಹರಿಯುವ ಲಕ್ಷಣವೂ ಇಲ್ಲ.

ಬಾದಾಮಿ, ಹುನಗುಂದದ ಕಡೆ ಒಂದು ಕಟಕ್ ರೊಟ್ಟಿಯನ್ನು ಶೇಂಗಾ ಚಟ್ನಿ ಹಚ್ಚಿ ಬಾಯಿಗಿಟ್ಟರೆ ಸದ್ದು, ವಾಸನೆ, ರುಚಿ, ಗರಿಗರಿ ಸ್ಪರ್ಶ ಎಲ್ಲ ಒಟ್ಟಿಗೇ ಬಂದಂತಿರುತ್ತದೆ. ನಿಜಕ್ಕೂ ಒಟ್ಟಿಗೆ ಬರುತ್ತವೆಯೆ? ಇದು ಪ್ರಾಚೀನ ನ್ಯಾಯದರ್ಶನದ ಗಂಭೀರ ಪ್ರಶ್ನೆ. ಗೌತಮನ ನ್ಯಾಯಸೂತ್ರಗಳು ಮನಸ್ಸು ಇದೆ ಎನ್ನುವುದಕ್ಕೆ ಕೊಡುವ ಗುರುತೇ ಇದು: ಎರಡು ಅರಿವುಗಳು ಏಕಕಾಲಕ್ಕೆ ಹುಟ್ಟುವುದಿಲ್ಲ. ಕಣ್ಣು, ಕಿವಿ ಎರಡೂ ತೆರೆದಿದ್ದರೂ ಒಂದು ಸಲಕ್ಕೆ ಒಂದೇ ಅರಿವಾಗುವುದರಿಂದ ನಡುವೆ ಸರದಿ ನಿಲ್ಲಿಸುವ ಮನಸ್ಸೆಂಬುದೊಂದು ಇರಲೇಬೇಕು ಎಂಬುದು ವಾದ. ಎದುರಾಳಿಗಳು ಚಕ್ಕುಲಿಯಂಥ ಉದ್ದನೆಯ ಗರಿಗರಿ ತಿನಿಸನ್ನು ಮುಂದಿಟ್ಟರು. ತಿನ್ನುವಾಗ ಐದೂ ಇಂದ್ರಿಯಗಳ ಅರಿವು ಒಟ್ಟಿಗೆ ಆಗುತ್ತದಲ್ಲ ಎಂದರು. ನೂರು ತಾವರೆ ಎಸಳುಗಳನ್ನು ಒಂದರ ಮೇಲೊಂದಿಟ್ಟು ಸೂಜಿ ಚುಚ್ಚಿದರೂ ಒಟ್ಟಿಗೆ ಚುಚ್ಚಿದಂತೆ ಕಾಣುತ್ತದೆ, ಚುಚ್ಚಿದ್ದು ಮಾತ್ರ ಒಂದಾದ ಮೇಲೊಂದನ್ನು ಎಂದು ನೈಯಾಯಿಕರು ಉತ್ತರ ಕೊಟ್ಟರು.

ವಾದ ಚೂಪಾಗಿದೆ. ಆದರೆ ಎಸಳಿನಿಂದ ಎಸಳಿಗೆ ಸೂಜಿ ಎಷ್ಟು ಹೊತ್ತು ತೆಗೆದುಕೊಂಡಿತು ಎಂದು ಯಾರೂ ಕೇಳಲಿಲ್ಲ.

ಅದನ್ನು ಕೇಳುವ ಪ್ರಸಂಗ ಬಂದದ್ದು ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದಲ್ಲಿ, ಅದೂ ಒಬ್ಬನ ನೌಕರಿ ಹೋದ ಮೇಲೆ. ನಕ್ಷತ್ರವೊಂದು ದೂರದರ್ಶಕದ ತಂತಿಯನ್ನು ದಾಟುವ ಗಳಿಗೆಯನ್ನು ಗಡಿಯಾರದ ಟಿಕ್ ಟಿಕ್ ಕೇಳುತ್ತ ಗುರುತಿಸುವುದು ಅಲ್ಲಿನ ಕೆಲಸ. ಸಹಾಯಕ ಕಿನ್ನೆಬ್ರೂಕ್ ಬರೆದ ಸಮಯ ತನ್ನದಕ್ಕಿಂತ ಸೆಕೆಂಡಿನ ಹತ್ತರಲ್ಲಿ ಎಂಟು ಭಾಗ ತಡ ಎಂದು ಮುಖ್ಯ ಖಗೋಳಜ್ಞ ಮ್ಯಾಸ್ಕಲೈನ್ 1796ರಲ್ಲಿ ಅವನನ್ನು ಕೆಲಸದಿಂದ ತೆಗೆದ. ಕಾಲು ಶತಮಾನದ ನಂತರ ಕ್ಯೋನಿಗ್ಸ್‌ಬರ್ಗ್‌ನ ಬೆಸೆಲ್ ಇಂಥ ವ್ಯತ್ಯಾಸ ನುರಿತ ಖಗೋಳಜ್ಞರ ನಡುವೆಯೂ ಇದೆ ಎಂದು ತೋರಿಸಿದ. ಪಾಪ, ಕಿನ್ನೆಬ್ರೂಕ್ ಸೋಮಾರಿಯಾಗಿರಲಿಲ್ಲ. ಕಣ್ಣಿನದನ್ನೂ ಕಿವಿಯದನ್ನೂ ಹೊಂದಿಸಲು ಅವನ ಮನಸ್ಸಿಗೆ ಬೇಕಾದ ಹೊತ್ತು ಬೇರೆಯಾಗಿತ್ತು. 1850ರಲ್ಲಿ ಶರೀರವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಸಂದೇಶ ಹರಿಯುವ ವೇಗವನ್ನೇ ಅಳೆದ. ಅಳೆಯಲಾಗದಷ್ಟು ವೇಗ ಎಂದು ಅವನ ಗುರು ಮ್ಯೂಲರ್ ನಂಬಿದ್ದು ಸೆಕೆಂಡಿಗೆ ಸುಮಾರು ಮೂವತ್ತು ಮೀಟರ್ ಎಂದಾಯಿತು. ರೈಲಿನ ವೇಗ, ಅಷ್ಟೇ.

ವುಂಟ್ ಈ ಸಾಲಿನಲ್ಲಿ ಬಂದವನು. ಪ್ರಯೋಗಾಲಯ ತೆರೆಯುವುದಕ್ಕೆ ಹದಿನೆಂಟು ವರ್ಷ ಮೊದಲೇ ಗಡಿಯಾರದ ಲೋಲಕಕ್ಕೆ ಗಂಟೆ ಕಟ್ಟಿ, ಗಂಟೆಯ ಸದ್ದು ಕೇಳಿದ ಕ್ಷಣಕ್ಕೆ ಲೋಲಕ ಎಲ್ಲಿದ್ದಂತೆ ಕಾಣುತ್ತದೆ ಎಂದು ನೋಡಿದ್ದ. ಕೇಳಿದ್ದೂ ಕಂಡದ್ದೂ ಒಂದೇ ಕ್ಷಣಕ್ಕೆ ಸಿಗಲಿಲ್ಲ. ನಡುವೆ ಸೆಕೆಂಡಿನ ಎಂಟನೇ ಒಂದು ಭಾಗದಷ್ಟು ಅಂತರ. ನೈಯಾಯಿಕರು ತರ್ಕದಿಂದ ಊಹಿಸಿದ ಸರದಿಯನ್ನು ಅವರ ಹೆಸರೂ ಗೊತ್ತಿಲ್ಲದವನು ಗಡಿಯಾರದಲ್ಲಿ ಹಿಡಿದ. ಎಲ್ಲವೂ ನಮ್ಮ ಪೂರ್ವಿಕರಿಗೆ ಮೊದಲೇ ಗೊತ್ತಿತ್ತು ಎನ್ನುವವರಿಗೆ ಈ ಕಥೆ ಅರ್ಧ ಸಂತೋಷ ಕೊಟ್ಟೀತು. ಪ್ರಶ್ನೆ ಗೊತ್ತಿತ್ತು, ಉತ್ತರದ ದಿಕ್ಕೂ ಗೊತ್ತಿತ್ತು. ಬೇರೆ ಊರಿನ ಬೇರೊಬ್ಬ ಅದೇ ಪ್ರಯೋಗ ಮಾಡಿ ‘ನಿನ್ನ ಲೆಕ್ಕ ತಪ್ಪು’ ಎನ್ನಲು ದಾರಿ ಇರಲಿಲ್ಲ. 1879ರಲ್ಲಿ ಹೊಸದಾಗಿ ಬಂದದ್ದು ಆ ದಾರಿ.

ತತ್ತ್ವಶಾಸ್ತ್ರಜ್ಞರು ಎತ್ತಿದ ಅಡ್ಡಿಗಳೂ ಈ ಶಾಸ್ತ್ರವನ್ನು ಬೆಳೆಸಿವೆ. ಮನಸ್ಸಿಗೆ ಗಣಿತ ಹೊಂದದು, ಆದ್ದರಿಂದ ಅದರ ಅಧ್ಯಯನ ನಿಜವಾದ ವಿಜ್ಞಾನ ಆಗದು ಎಂದು ಕಾಂಟ್ 1786ರಲ್ಲಿ ಬರೆದ. 1860ರಲ್ಲಿ ಫೆಕ್ನರ್ ತೂಕ ಎಷ್ಟು ಹೆಚ್ಚಿದರೆ ಕೈಗೆ ವ್ಯತ್ಯಾಸ ತಿಳಿಯುತ್ತದೆ ಎಂಬುದನ್ನು ಸೂತ್ರಕ್ಕೆ ಇಳಿಸಿದ. ಕಾಂಟ್ ಅಷ್ಟು ಕಡ್ಡಿ ಮುರಿದಂತೆ ಹೇಳದಿದ್ದರೆ ಏನನ್ನು ಸಾಧಿಸಿ ತೋರಿಸಬೇಕು ಎಂಬುದೇ ಸ್ಪಷ್ಟವಾಗುತ್ತಿರಲಿಲ್ಲವೇನೋ.

ಇನ್ನೊಂದು ಪ್ರಶ್ನೆ ಮುನ್ನೂರು ವರ್ಷ ಕಾದಿತು. ಹುಟ್ಟು ಕುರುಡನೊಬ್ಬ ಮುಟ್ಟಿ ಗೋಳ ಯಾವುದು, ಘನ ಯಾವುದು ಎಂದು ಬಲ್ಲ. ಅವನಿಗೆ ದೃಷ್ಟಿ ಬಂದರೆ ಮುಟ್ಟದೆ, ಬರಿ ನೋಡಿ ಗುರುತಿಸಬಲ್ಲನೆ? ಐರ್ಲೆಂಡಿನ ಮಾಲಿನ್ಯೂ 1688ರಲ್ಲಿ ಜಾನ್ ಲಾಕ್‌ಗೆ ಬರೆದು ಕೇಳಿದ್ದು ಇದು. ಜ್ಞಾನವೆಲ್ಲ ಅನುಭವದಿಂದ ಬರುತ್ತದೆಯೇ ಎಂಬ ಇಡೀ ವಿವಾದ ಆ ಗೋಳದ ಮೇಲೆ ನಿಂತಿತ್ತು. ಉತ್ತರದ ಬಹುಭಾಗ ಸಿಕ್ಕಿದ್ದು ಭಾರತದಲ್ಲಿ. ಪವನ್ ಸಿನ್ಹಾ ಅವರ ‘ಪ್ರಕಾಶ್’ ಯೋಜನೆಯಲ್ಲಿ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಪಡೆದ ಐವರು ಮಕ್ಕಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಮುಟ್ಟಿದ ವಸ್ತುವನ್ನು ನೋಡಿ ಗುರುತಿಸುವುದು ಮೊದಲಿಗೆ ಅವರಿಂದ ಆಗಲಿಲ್ಲ. ಕೆಲವೇ ದಿನಗಳಲ್ಲಿ ಕಲಿತರು. ಇಂಥ ಪ್ರಶ್ನೆ ಯಾವ ಪ್ರಯೋಗಾಲಯದಲ್ಲೂ ತಾನಾಗಿ ಹುಟ್ಟುವುದಿಲ್ಲ.

ಒಳಗಿನದನ್ನು ಒಳಗಿನಿಂದಲೇ ನೋಡುವ ದಾರಿಯನ್ನೂ ಹೊಸ ವಿಜ್ಞಾನ ಕೈಬಿಟ್ಟಿರಲಿಲ್ಲ. ತರಬೇತಾದ ವೀಕ್ಷಕ ತನ್ನ ಅನುಭವವನ್ನು ತಾನೇ ವರದಿ ಮಾಡಬೇಕಿತ್ತು. ಯೋಚನೆ ಮಾಡುವಾಗ ಮನಸ್ಸಿನಲ್ಲಿ ಚಿತ್ರಗಳಿರುತ್ತವೆಯೇ? ಇಲ್ಲದೆಯೂ ಯೋಚನೆ ನಡೆಯುತ್ತದೆ ಎಂದರು ವ್ಯೂರ್ಟ್ಸ್‌ಬರ್ಗ್‌ನವರು. ಸರಿಯಾಗಿ ನೋಡಿಕೊಂಡರೆ ಚಿತ್ರ ಇದ್ದೇ ಇರುತ್ತದೆ ಎಂದ ಅಮೆರಿಕದ ಟಿಚನರ್. ಇಬ್ಬರ ವೀಕ್ಷಕರೂ ಪ್ರಾಮಾಣಿಕರು. ಪಂಚಾಯಿತಿ ಮಾಡುವವರು ಯಾರು? ಬೇಸತ್ತ ವ್ಯಾಟ್ಸನ್ 1913ರಲ್ಲಿ ಮನಸ್ಸನ್ನೇ ಹೊರಗಟ್ಟಿ, ಕಣ್ಣಿಗೆ ಕಾಣುವ ವರ್ತನೆ ಮಾತ್ರ ಸಾಕು ಎಂದ. ಇಲಿಗೆ ಬಂದ ಕಾಟ ಅಲ್ಲಿಂದ ಹೆಚ್ಚಿತು.

ಈ ಇಕ್ಕಟ್ಟು ಹುನಗುಂದ ತಾಲ್ಲೂಕಿನ ಕೂಡಲಸಂಗಮದ ನೆಲಕ್ಕೆ ಅಪರಿಚಿತವಲ್ಲ. ಅಲ್ಲಿ ಬೆಳೆದ ಬಸವಣ್ಣನೂ ಅವನ ಸಂಗಾತಿಗಳೂ ಒಳಮನಸ್ಸಿನ ಹೊಯ್ದಾಟವನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟವರು. ಅನುಭವವೇ ಪ್ರಮಾಣ ಎಂದಾಗ ಸುಳ್ಳು ಅನುಭವವನ್ನು ತಡೆಯುವುದು ಹೇಗೆ? ಹದಿನೈದನೆಯ ಶತಮಾನದಲ್ಲಿ ರೂಪುಗೊಂಡ ಶೂನ್ಯಸಂಪಾದನೆಯಲ್ಲಿ ಅಲ್ಲಮ ಅಕ್ಕಮಹಾದೇವಿಯನ್ನು ನೆರೆದವರ ಮುಂದೆ ಪಟ್ಟು ಹಿಡಿದು ಪ್ರಶ್ನಿಸುತ್ತಾನೆ. ದೇಹದ ಹಂಗು ಬಿಟ್ಟವಳು ಕೂದಲಲ್ಲಿ ಮೈಯನ್ನೇಕೆ ಮರೆಮಾಡಿಕೊಂಡೆ ಎಂದು ಕೇಳುವವರೆಗೂ ಹೋಗುತ್ತಾನೆ. ಒಬ್ಬರ ಅಂತರಂಗದ ಮಾತನ್ನು ಹತ್ತು ಜನರೆದುರು ಜಗ್ಗಿ ನೋಡುವ ಪದ್ಧತಿ ಅದು. ಅದನ್ನು ವಿಜ್ಞಾನ ಎನ್ನುವುದು ಅತಿಯಾದೀತು. ಆತ್ಮವೀಕ್ಷಣೆಗೆ ಹೊರಗಿನ ತಪಾಸಣೆ ಬೇಕೆಂಬ ಎಚ್ಚರ ಟಿಚನರ್‌ಗಿಂತ ಅಲ್ಲಮನ ಸಭೆಗೆ ಹೆಚ್ಚಿತ್ತು ಎಂದರೆ ಅತಿಯಾಗದು.

ಆಧುನಿಕ ಮನಃಶಾಸ್ತ್ರ ಕರ್ನಾಟಕಕ್ಕೆ ಬಂದದ್ದೂ ಒಬ್ಬ ತತ್ತ್ವಶಾಸ್ತ್ರಜ್ಞನ ಕೈಹಿಡಿದು. ಬ್ರಜೇಂದ್ರನಾಥ ಸೀಲ್ 1905ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಪ್ರಾಯೋಗಿಕ ಮನಃಶಾಸ್ತ್ರದ ಪಠ್ಯಕ್ರಮ ಬರೆದುಕೊಟ್ಟವರು, ಪ್ರಾಚೀನ ಹಿಂದೂಗಳ ವಿಜ್ಞಾನದ ಮೇಲೆ 1915ರಲ್ಲಿ ಗ್ರಂಥ ಪ್ರಕಟಿಸಿದವರು. 1921ರಲ್ಲಿ ಅವರು ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಬಂದರು. 1924ರಲ್ಲಿ ಅಲ್ಲಿ ಮನಃಶಾಸ್ತ್ರ ವಿಭಾಗ ತೆರೆಯಿತು, ಮುಖ್ಯಸ್ಥರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಳಿ ಕಲಿತ ಎಂ. ವಿ. ಗೋಪಾಲಸ್ವಾಮಿ. ಎಲ್ಲ ಬಗೆಯ ಬುದ್ಧಿಯ ಹಿಂದೆಯೂ ಒಂದು ಸಾಮಾನ್ಯ ಅಂಶವಿದೆ ಎಂದು ಲೆಕ್ಕ ಹಾಕಿ ತೋರಿಸಿದ ಸ್ಪಿಯರ್‌ಮನ್‌ನ ಶಿಷ್ಯ ಬುದ್ಧಿಪರೀಕ್ಷೆಯತ್ತ ಹೊರಳಿದ್ದು ಸಹಜ. 1935ರಲ್ಲಿ ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಎಂಬ ರೇಡಿಯೊ ಕೇಂದ್ರ ಶುರುಮಾಡಿದವರೂ ಇವರೇ. ಮನಃಶಾಸ್ತ್ರಕ್ಕಿಂತ ಅದಕ್ಕಾಗಿಯೇ ನಾಡು ಅವರನ್ನು ನೆನೆಯುತ್ತದೆ.

ಬಾಗಲಕೋಟೆ ಆಗ ಮೈಸೂರಿನದಲ್ಲ, ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯದು. ಈ ಸೀಮೆಗೆ ಅಳತೆಗೋಲು ಬಂದದ್ದು ಧಾರವಾಡದಿಂದ. ಫ್ರಾನ್ಸಿನ ಬಿನೆ 1905ರಲ್ಲಿ ಸಿದ್ಧಪಡಿಸಿದ, 1916ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಪರಿಷ್ಕಾರಗೊಂಡ ಬುದ್ಧಿಪರೀಕ್ಷೆಯನ್ನು ವಿ. ವಿ. ಕಾಮತ್ ಧಾರವಾಡದ ಮಕ್ಕಳ ಮೇಲೆ ಪ್ರಯೋಗಿಸಿ, 1934ರಲ್ಲಿ ಕನ್ನಡ ಮತ್ತು ಮರಾಠಿಗೆ ಒಗ್ಗಿಸಿದರು. ಮುಂಬಯಿ-ಕರ್ನಾಟಕ ಆವೃತ್ತಿ ಎಂದೇ ಅದಕ್ಕೆ ಹೆಸರು. ಪುಸ್ತಕವಾಗಿ ಬಂದದ್ದು 1940ರಲ್ಲಿ. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಇವತ್ತಿಗೂ ಆಸ್ಪತ್ರೆಗಳಲ್ಲಿ, ಬೌದ್ಧಿಕ ಅಂಗವೈಕಲ್ಯದ ಪ್ರಮಾಣಪತ್ರಗಳ ಹಿಂದೆ ಕೆಲಸ ಮಾಡುತ್ತಿದೆ.

ಅಳೆಯುವ ಬೇರಿನ ಶಕ್ತಿಯೂ ದೌರ್ಬಲ್ಯವೂ ಇಲ್ಲಿ ಒಟ್ಟಿಗೆ ಕಾಣುತ್ತವೆ. ‘ದಡ್ಡ’ ಎಂದು ಮೇಷ್ಟ್ರು ಬೈದು ಮೂಲೆಗೆ ಕೂಡಿಸುತ್ತಿದ್ದ ಹುಡುಗನಿಗೆ ಎಲ್ಲಿ ತೊಡಕಿದೆ, ಯಾವ ನೆರವು ಬೇಕು ಎಂದು ಹೇಳಬಲ್ಲ ಸಾಧನ ಸಿಕ್ಕಿತು. ಬಿನೆಯ ಉದ್ದೇಶವೂ ಅದೇ ಆಗಿತ್ತು. ಆದರೆ ಅಳೆಯುತ್ತಿರುವುದು ಏನನ್ನು? ಇಳಕಲ್ಲಿನ ನೇಕಾರರ ಮನೆಯ ಮಗು ಮೈಯ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಕೂಡಿಸುವುದನ್ನು ಮಗ್ಗದ ಪಕ್ಕದಲ್ಲಿ ಕೂತು ನೋಡಿಯೇ ಕಲಿಯುತ್ತದೆ. ಎಳೆಗಳ ಲೆಕ್ಕ ಅದರ ಬೆರಳಲ್ಲಿದೆ. ಅದೇ ಮಗು ಪ್ಯಾರಿಸ್ಸಿನ ಶಾಲೆಗೆಂದು ಹುಟ್ಟಿ, ಕ್ಯಾಲಿಫೋರ್ನಿಯಾ ಸುತ್ತಿ ಬಂದ ಒಗಟಿನ ಮುಂದೆ ತಡವರಿಸಬಹುದು. 1931-32ರಲ್ಲಿ ಉಜ್ಬೇಕಿಸ್ತಾನದ ಹಳ್ಳಿಗಳಿಗೆ ಹೋದ ರಷ್ಯದ ಲೂರಿಯಾ ಅಕ್ಷರ ಕಲಿಯದ ರೈತರಿಗೆ ಕೇಳಿದ: ಉತ್ತರದ ಹಿಮಪ್ರದೇಶದಲ್ಲಿ ಕರಡಿಗಳೆಲ್ಲ ಬಿಳಿ; ಒಂದು ಊರು ಆ ಪ್ರದೇಶದಲ್ಲಿದೆ; ಅಲ್ಲಿನ ಕರಡಿಯ ಬಣ್ಣ ಯಾವುದು? ನಾವು ಅಲ್ಲಿಗೆ ಹೋಗಿಲ್ಲ, ಕಾಣದ್ದನ್ನು ಹೇಳುವುದಿಲ್ಲ ಎಂಬಂಥ ಉತ್ತರಗಳು ಬಂದವು. ಪರೀಕ್ಷೆಯ ಲೆಕ್ಕದಲ್ಲಿ ತಪ್ಪು; ನ್ಯಾಯಾಲಯದ ಸಾಕ್ಷಿಯಾಗಿದ್ದರೆ ಆದರ್ಶ ಉತ್ತರ. ಬುದ್ಧಿ ಎಂದರೇನು ಎಂಬ ಪ್ರಶ್ನೆಯನ್ನು ತತ್ತ್ವಶಾಸ್ತ್ರಕ್ಕೆ ಬಿಟ್ಟು ಬುದ್ಧಿಯನ್ನು ಅಳೆಯಲು ಹೊರಟವರು ಎಷ್ಟೋ ಸಲ ಶಾಲೆಯನ್ನು ಅಳೆದು ಬಂದಿದ್ದಾರೆ.

ಕನ್ನಡ ಓದುಗರಿಗೆ ಮನಸ್ಸಿನ ವಿಜ್ಞಾನವನ್ನು ಮುಟ್ಟಿಸಿದವರಲ್ಲಿ ‘ಕೊರವಂಜಿ’ಯ ಸಂಪಾದಕ, ವೈದ್ಯ ಎಂ. ಶಿವರಾಂ ಮುಖ್ಯರು. ಹಾಸ್ಯಪತ್ರಿಕೆಯಲ್ಲಿ ‘ರಾಶಿ’ ಎಂಬ ಹೆಸರಿನಿಂದ ಬರೆದ ಅವರಿಗೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ‘ಮನಮಂಥನ’ ಎಂಬ ಮನೋವೈದ್ಯಕೀಯ ಕೃತಿಗೆ.

ಮತ್ತೆ ಆಣೆಯ ವಿಷಯಕ್ಕೆ ಬಂದರೆ, ಬಾಗಲಕೋಟೆ ಜಿಲ್ಲೆ ಅದರಲ್ಲಿ ದೊಡ್ಡದೊಂದು ಪ್ರಯೋಗವನ್ನೇ ಕಂಡಿದೆ. ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮೀಜಿ 1975ರಲ್ಲಿ ಜೋಳಿಗೆ ಹಿಡಿದು ಊರೂರು ತಿರುಗಲಾರಂಭಿಸಿದರು. ಬೇಡಿದ್ದು ಕಾಳು, ಕಾಸನ್ನಲ್ಲ. ಕುಡಿತ, ತಂಬಾಕು, ಜೂಜಿನಂಥ ಚಟಗಳನ್ನು ಜೋಳಿಗೆಗೆ ಹಾಕಿ ಎಂದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಎರಡನೆಯ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಕುರ್ಟ್ ಲೆವಿನ್ ಇಂಥದೇ ಒಂದು ತತ್ತ್ವವನ್ನು ಅಡುಗೆಮನೆಯಲ್ಲಿ ಪರೀಕ್ಷಿಸಿದ್ದ. ಜನ ಮೂಗು ಮುರಿಯುತ್ತಿದ್ದ ಮಾಂಸದ ಭಾಗಗಳನ್ನು ಬಳಸಿ ಎಂದು ಗೃಹಿಣಿಯರಿಗೆ ಉಪನ್ಯಾಸ ಕೊಟ್ಟಾಗ ಬಳಸಿದವರು ಶೇ. 3, ಗುಂಪಿನಲ್ಲಿ ಚರ್ಚಿಸಿ, ಎಲ್ಲರೆದುರು ಕೈಯೆತ್ತಿ ಒಪ್ಪಿಕೊಂಡಾಗ ಶೇ. 32. ಸ್ವಾಮೀಜಿ ಉಪನ್ಯಾಸಕ್ಕೆ ನಿಲ್ಲದೆ ಮನೆಬಾಗಿಲಿಗೆ ಹೋಗಿ, ನೆರೆಹೊರೆಯವರ ಎದುರು ಮಾತು ತೆಗೆದುಕೊಂಡದ್ದು ಏಕೆ ತಟ್ಟಿತು ಎಂಬುದಕ್ಕೆ ಲೆವಿನ್‌ನ ಲೆಕ್ಕ ಒಂದು ಕಾರಣ ಕೊಡುತ್ತದೆ.

ಹಾಗೆಂದು ಜೋಳಿಗೆಗೆ ಲೆವಿನ್‌ನ ಪ್ರಮಾಣಪತ್ರ ಅಂಟಿಸಿದರೆ ಕೆಲಸ ಮುಗಿಯದು. ಮಾಂಸ ಒಂದು ವಾರದ ಅಡುಗೆ, ಕುಡಿತ ಹಲವು ವರ್ಷಗಳ ಚಟ. ಒಂದು ತಾಲ್ಲೂಕಿನಲ್ಲಿ ಜೋಳಿಗೆಗೆ ಚಟ ಹಾಕಿದವರ ಹೆಸರು ಬರೆದುಕೊಂಡು, ಆರು ತಿಂಗಳಿಗೊಮ್ಮೆ ವಿಚಾರಿಸಿ, ಜೋಳಿಗೆ ಹೋಗದ ಹಳ್ಳಿಗಳ ಜೊತೆ ಹೋಲಿಸುವುದು ಒಬ್ಬ ಸಂಶೋಧನಾ ವಿದ್ಯಾರ್ಥಿಯಿಂದ ಆಗುವ ಕೆಲಸ. ಭಕ್ತಿಗೆ ಅದರಿಂದ ಕುಂದು ಬಾರದು. ಆದರೆ ಆ ವಿದ್ಯಾರ್ಥಿ ಮೊದಲ ಮನೆಯ ಬಾಗಿಲು ತಟ್ಟುವ ಮೊದಲೇ ಒಂದು ತೀರ್ಮಾನ ಮಾಡಿಕೊಳ್ಳಬೇಕಾಗುತ್ತದೆ. ಹನ್ನೊಂದು ತಿಂಗಳು ಹನಿ ಮುಟ್ಟದೆ, ಜಾತ್ರೆಯ ರಾತ್ರಿ ಗೆಳೆಯರ ಜೊತೆ ಕುಡಿದು, ಮರುದಿನ ಮತ್ತೆ ಬಿಟ್ಟವನನ್ನು ಬಿಟ್ಟವರ ಸಾಲಿಗೆ ಹಾಕಬೇಕೋ, ಸೋತವರ ಸಾಲಿಗೋ? ಗೊತ್ತಿದ್ದೂ ತಪ್ಪು ಮಾಡುವವನ ಮನಸ್ಸಿನಲ್ಲಿ ಏನಿರುತ್ತದೆ ಎಂದು ಅರಿಸ್ಟಾಟಲ್ ತಲೆಕೆಡಿಸಿಕೊಂಡದ್ದು ಇವನಂಥವನ ಬಗ್ಗೆಯೇ. ಪ್ರಶ್ನಾವಳಿಯ ಯಾವ ಚೌಕದಲ್ಲಿ ಗುರುತು ಹಾಕಬೇಕು ಎಂಬುದನ್ನು ಅಂಕಿಸಂಖ್ಯೆಯ ಯಾವ ಸೂತ್ರವೂ ಆ ವಿದ್ಯಾರ್ಥಿಗೆ ಹೇಳಿಕೊಡುವುದಿಲ್ಲ.