ಮಸಲ್ ಒಳಗಿನ ಇಲಿ

ಇಂಗ್ಲಿಷಿನ ‘ಮಸಲ್’ ಪದದೊಳಗೆ ಇಲಿಯೊಂದು ಅಡಗಿದೆ. ಲ್ಯಾಟಿನ್ನಿನಲ್ಲಿ ‘ಮುಸ್’ ಎಂದರೆ ಇಲಿ, ‘ಮುಸ್ಕುಲುಸ್’ ಪುಟ್ಟ ಇಲಿ. ತೋಳು ಮಡಚಿ ಬಿಗಿಹಿಡಿದರೆ ಚರ್ಮದಡಿ ಓಡಾಡಿದಂತೆ ಕಾಣುವುದು ಅದೇ ತಾನೆ? ಗಣಪತಿಯ ವಾಹನವಾದ ಮೂಷಿಕವೂ ಈ ಮುಸ್‌ನ ನೆಂಟನೇ.

ಕನ್ನಡದಲ್ಲಿರುವ ತೊಡಕು ಬೇರೆ. ಶಾಲೆಯ ವಿಜ್ಞಾನದಲ್ಲಿ ಮಸಲ್ ಎಂದರೆ ‘ಸ್ನಾಯು’. ಸುಶ್ರುತಸಂಹಿತೆಯಲ್ಲಾದರೋ ಸ್ನಾಯು ಎಂದರೆ ಕೀಲುಗಳನ್ನು ಬಿಗಿದು ಕಟ್ಟುವ ನಾರು, ಅಂಥವು 900. ಮಾಂಸಖಂಡಕ್ಕೆ ಅಲ್ಲಿನ ಹೆಸರು ‘ಪೇಶಿ’. ಅದರ ಲೆಕ್ಕ 500.

ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ಮೈಸೂರಿನ ಮೆಡಿಕಲ್ ಕಾಲೇಜು ಸೇರಿದರೆ ಚಿಂತೆಯಿಲ್ಲ, ಅಲ್ಲಿ ಮಸಲ್ ಮಸಲ್ಲೇ. ಅದೇ ಊರಿನ, 1908ರಷ್ಟು ಹಳೆಯ ಆಯುರ್ವೇದ ಕಾಲೇಜು ಸೇರಿದಳೋ, ಹತ್ತನೇ ತರಗತಿಯಲ್ಲಿ ಸರಿಯಾಗಿದ್ದ ಉತ್ತರ ತಪ್ಪಾಗುತ್ತದೆ. ಶಾಲೆಯಲ್ಲೇ ‘ಪೇಶಿ’ಯನ್ನೂ ಒಮ್ಮೆ ಹೇಳಿಬಿಟ್ಟಿದ್ದರೆ ಸಾಕಿತ್ತು.