ಕಾಲುವೆಯ ನೀರೂ ಮೆಲುದನಿಯ ರೇಡಿಯೋವೂ

ವೇಗವೇ ಪ್ರಗತಿಯ ಅಳತೆಗೋಲೆಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಸಂಪರ್ಕಜಾಲವೊಂದರ ಯೋಗ್ಯತೆಯನ್ನು ಅದು ಎಷ್ಟು ಶೀಘ್ರವಾಗಿ ಚಲನಚಿತ್ರವನ್ನು ತಲುಪಿಸಬಲ್ಲುದೆಂಬುದರಿಂದಲೇ ನಿರ್ಣಯಿಸುತ್ತೇವೆ. ಆದರೆ ನಮ್ಮ ಸೀಮೆಗೆ ಈಗ ಅಗತ್ಯವಾಗಿರುವುದು ಅತ್ಯಂತ ಮಂದಗತಿಯ ಜಾಲವೆಂಬುದು ನನ್ನ ಅಭಿಪ್ರಾಯ.

ತುಂಗಭದ್ರೆಯ ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರು. ಮುಕ್ಕುಂದವನ್ನೊಳಗೊಂಡ ಸಿಂಧನೂರು ತಾಲ್ಲೂಕಿನ ಬತ್ತದ ಬೆಳೆ ಬಹುಮಟ್ಟಿಗೆ ಈ ಕಾಲುವೆಯನ್ನೇ ನೆಚ್ಚಿದೆ. ಮೇಲ್ಭಾಗದಲ್ಲಿ ಬಳಕೆ ಮಿತಿಮೀರಿದರೆ ಕೊನೆಯ ಭಾಗದ ರೈತನಿಗೆ ಒಣಗಿದ ಕಾಲುವೆಯೇ ಗತಿ. ಈ ವಿವಾದದ ಮೂಲದಲ್ಲಿ ಸರಳವಾದೊಂದು ಪ್ರಶ್ನೆಯುಂಟು: ಯಾವ ತೂಬಿನ ಬಳಿ ಈ ಹೊತ್ತು ನೀರು ಎಷ್ಟು ಅಡಿ ಇದೆ?

ಇದಕ್ಕೆ ಉತ್ತರ ಎರಡು ಮೂರು ಅಂಕಿಗಳು ಮಾತ್ರ. ಅವನ್ನು ಕಳುಹಿಸಲು ವೇಗವೇಕೆ? ಲೋರಾ ಎಂಬ ರೇಡಿಯೋ ಪದ್ಧತಿ ಇಂಥ ಕಾರ್ಯಕ್ಕೆ ತಕ್ಕುದಾಗಿದೆ. ಗಾಯಕನ ದನಿ ಕೆಳಗಿನ ಸ್ವರದಿಂದ ಮೇಲಕ್ಕೆ ಜಾರುವಂತೆ ಇದರಲ್ಲಿ ಅಲೆಯ ಆವರ್ತಾಂಕ ಏರುತ್ತ ಹೋಗುತ್ತದೆ. ಏರಿಕೆಯ ಕ್ರಮ ಗ್ರಾಹಕಯಂತ್ರಕ್ಕೆ ಮೊದಲೇ ತಿಳಿದಿರುವುದರಿಂದ, ಸುತ್ತಣ ರೇಡಿಯೋ ಗದ್ದಲಕ್ಕಿಂತ ನೂರು ಪಟ್ಟು ಕ್ಷೀಣವಾದ ಸಂಕೇತವನ್ನೂ ಅದು ಗುರುತಿಸಬಲ್ಲುದು. ವೇಗವನ್ನು ಬಿಟ್ಟುಕೊಟ್ಟು ದೂರವನ್ನು ಗಳಿಸುವ ಈ ವಿನಿಮಯದ ಬೇರು 1948ರಲ್ಲಿ ಕ್ಲಾಡ್ ಶಾನನ್ ಪ್ರಕಟಿಸಿದ ಸಿದ್ಧಾಂತದಲ್ಲಿದೆ. ಅಡ್ಡಿಯಿಲ್ಲದ ಬಯಲಿನಲ್ಲಿ, ಎತ್ತರದ ಗ್ರಾಹಕವಿದ್ದರೆ, ಹತ್ತು ಕಿಲೋಮೀಟರು ಮುಟ್ಟಲು 25 ಮಿಲಿವಾಟು ಸಾಕಾಗಬಹುದು.

ಲೆಕ್ಕ ಹಾಕಿ ನೋಡಿರಿ. ಕಾಲುಗಂಟೆಗೊಂದು ಸಂದೇಶವೆಂದರೆ ದಿನಕ್ಕೆ 96. ಅತಿ ಮಂದಗತಿಯಲ್ಲಿ ಒಂದಕ್ಕೆ ಒಂದೂವರೆ ಸೆಕೆಂಡು ಹಿಡಿದರೂ ಒಟ್ಟು 144 ಸೆಕೆಂಡು. ಉಳಿದ ಹೊತ್ತೆಲ್ಲ ಉಪಕರಣಕ್ಕೆ ಬಹುತೇಕ ನಿದ್ರೆಯೇ. ಆದುದರಿಂದಲೇ ಸಣ್ಣ ಬ್ಯಾಟರಿ ವರ್ಷಗಟ್ಟಲೆ ಬಾಳುತ್ತದೆ. ಭಾರತ ಸರ್ಕಾರವು 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನು, ಶಕ್ತಿಯ ಮಿತಿಗೊಳಪಟ್ಟು, 2005ರಲ್ಲಿಯೇ ಲೈಸೆನ್ಸಿನಿಂದ ಮುಕ್ತಗೊಳಿಸಿದೆ.

ಯಂತ್ರವು ಒಂದು ಹನಿ ನೀರನ್ನೂ ಹೆಚ್ಚಿಸಲಾರದೆಂದು ಕೆಲವರು ಆಕ್ಷೇಪಿಸಬಹುದು, ಅದು ನಿಜ. ನೆರೆಯ ನಾರಾಯಣಪುರ ಎಡದಂಡೆ ಕಾಲುವೆಯಲ್ಲಿ ತೂಬುಗಳನ್ನು ದೂರದಿಂದಲೇ ನಿಯಂತ್ರಿಸುವ ಏರ್ಪಾಡು ಬಂದಿದೆ. ಆ ಕಾಲುವೆಯ ಆಧುನೀಕರಣ ಕಾರ್ಯ 2023ರ ಜನವರಿಯಲ್ಲಿ ಲೋಕಾರ್ಪಣೆಗೊಂಡಿತು. ಆದರೆ ಅಳತೆ ಇಂಜಿನಿಯರರ ಕಚೇರಿಗೆ ಮಾತ್ರ ತಲುಪಿದರೆ ಸಾಲದು. ಪ್ರತಿಯೊಂದು ಗ್ರಾಮ ಪಂಚಾಯಿತಿಯ ಫಲಕದ ಮೇಲೂ ಅದು ಕಾಣಬೇಕು. ತನ್ನ ಪಾಲಿನ ನೀರು ಎಲ್ಲಿ ನಿಂತಿತೆಂಬುದನ್ನು ಕೊನೆಯ ರೈತನೂ ಅಂಕಿಗಳಿಂದಲೇ ಕೇಳುವಂತಾಗಬೇಕು. ಸಂದೇಶಗಳು ಗೂಢಲಿಪಿಯಲ್ಲಿ ಸಾಗಬೇಕು. ಕಾಲುವೆಯ ಗೋಡೆಯ ಮೇಲಿನ ಅಡಿಗುರುತಿನೊಡನೆ ಅವನ್ನು ಆಗಾಗ ತಾಳೆ ನೋಡಬೇಕು.

ಈ ತಾಳೆ ನೋಡುವ ಕೆಲಸವನ್ನು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳೇಕೆ ವಹಿಸಿಕೊಳ್ಳಬಾರದು? ಒಂದು ಉಪಕರಣವನ್ನು ಕಟ್ಟಿ, ಅನುಮತಿ ಪಡೆದು, ಒಂದು ಹಂಗಾಮು ಪೂರ್ತಿ ಅಳೆದು ನೋಡಲಿ. ಪಠ್ಯಪುಸ್ತಕದ ತರಂಗಶಾಸ್ತ್ರಕ್ಕೆ ಇದಕ್ಕಿಂತ ಪ್ರಯೋಜನಕರವಾದ ಪ್ರಯೋಗ ನಮ್ಮ ಸೀಮೆಯಲ್ಲಿ ದೊರೆಯುವುದು ವಿರಳ.